ಎರಡು ಕಾಲಮ್ಮಿನ ಹಾಳೆ

ಮೀನಿನ ಹೊಟ್ಟೆ ಸೀಳುತ್ತ ದೇವರ ಹಾಡು ಗುನುಗುವ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ಸ್ವೀಡನ್ನಿನ ನಾರ್‌ಶೋಪಿಂಗ್‌ನ ಒಂದು ಸಣ್ಣ ಶಾಲೆ. ಕ್ರೈಸ್ತ ಸಭೆಯೊಂದು ನಡೆಸುತ್ತಿದ್ದ ಶಾಲೆ. ಹೊಸದಾಗಿ ಸೇರುವ ಮಕ್ಕಳ ತಂದೆತಾಯಂದಿರು ಬಂದು ನೋಡಿಹೋಗಲಿ ಎಂದು ಆವತ್ತು ಎಲ್ಲ ಕೋಣೆಗಳ ಬಾಗಿಲನ್ನೂ ತೆರೆದಿಟ್ಟಿದ್ದರು. ಜೀವಶಾಸ್ತ್ರದ ಕೋಣೆಯಲ್ಲಿ ಎಂಟು ಹತ್ತು ಮಕ್ಕಳು ಒಂದು ಮೇಜಿನ ಸುತ್ತ ಮೂಗು ಮುಚ್ಚಿಕೊಂಡು ನಿಂತಿದ್ದರು. ನಡುವೆ ಈ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೇಲೊಂದು ಪ್ಲಾಸ್ಟಿಕ್ ಏಪ್ರನ್, ಕೈಯಲ್ಲಿ ಬಾಲ್ಟಿಕ್ ಸಮುದ್ರದ ಒಂದು ಸಣ್ಣ ಮೀನು. ಅದರ ಕಿವಿರು ಎತ್ತಿ ತೋರಿಸುತ್ತ ಸ್ವೀಡಿಷಿನಲ್ಲಿ ಹೇಳುತ್ತಿದ್ದರು: "ನಿಮ್ಮ ಕಿವಿಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಎಲುಬು ಇದೆ. ಅದು ಬಂದದ್ದು ಇವರ ಮನೆತನದಿಂದ. ಇವತ್ತು ಇದನ್ನು ಹುರಿದು ತಿನ್ನುವಾಗ ಸ್ವಲ್ಪ ಮರ್ಯಾದೆ ಇರಲಿ."

ನನ್ನ ಮಗಳು ಆಗಲೇ ಮೀನನ್ನು ಮುಟ್ಟಿಯಾಗಿತ್ತು. "ಹೋಗಿ ಕೈ ತೊಳ್ಕೊಳೇ" ಎಂದು ನಾನು ಕನ್ನಡದಲ್ಲಿ ಗದರಿದೆ. ಆ ಮನುಷ್ಯ ತಲೆ ಎತ್ತಲೂ ಇಲ್ಲ.

"ಸಾಬೂನು ಆ ಕಿಟಕಿ ಕಡೆ ಐತ್ರಿ ಅಕ್ಕಾರ," ಎಂದರು.

ಬೆಟಗೇರಿಯವರು. ತಂದೆ ಮಿಶನ್ ಶಾಲೆಯ ಮಾಸ್ತರರು. ಇವರು ಗದಗಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಮೂವತ್ತು ದಾಟಿದ ಮೇಲೆ ಸ್ವೀಡನ್ನಿನ ಉತ್ತರಕ್ಕಿರುವ ಉಮೆಯೊ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ.ಗೆಂದು ಬಂದು, ಅದು ಮುಗಿದ ಮೇಲೂ ಅಲ್ಲಿ ಇಲ್ಲಿ ಪ್ರಾಜೆಕ್ಟುಗಳಲ್ಲಿ ದುಡಿದು, ಕೊನೆಗೆ ಹೆಂಡತಿಗೆ ನಮ್ಮ ಊರಿನ ವೃದ್ಧಾಶ್ರಮದಲ್ಲಿ ದಾದಿಯ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದಿದ್ದರು. ಆ ವೃದ್ಧಾಶ್ರಮವೂ ಅದೇ ಸಭೆಯದು. ಗಂಡಹೆಂಡತಿ ಇಬ್ಬರೂ ಭಾನುವಾರ ತಪ್ಪದೆ ಆರಾಧನೆಗೆ ಹೋಗುವವರು. ಆಕೆ ಅಲ್ಲಿ ಪಿಯಾನೊ ನುಡಿಸುತ್ತಿದ್ದರು. ಮಕ್ಕಳಿರಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ ಇನ್ನೂ ಇದೇ ಊರಿನಲ್ಲಿದ್ದಾರೆ, ಅದೇ ಆಶ್ರಮದಲ್ಲಿ ದುಡಿಯುತ್ತಿದ್ದಾರೆ. ಈ ದೇಶದಲ್ಲಿ ಮಕ್ಕಳು ಗುರುಗಳನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಮಗಳೂ ಹಾಗೆಯೇ ಕರೆಯುತ್ತಿದ್ದಳು. ನನಗೆ ಮಾತ್ರ ಬಾಯಿ ಬರಲಿಲ್ಲ. ನಾನು ಮೇಷ್ಟ್ರೇ ಅಂತಿದ್ದೆ. ಅವರಿಗೆ ಅದು ನಗೆ ತರುತ್ತಿತ್ತು. "ನಿಮ್ಮ ಮೈಸೂರು ಕಡೆ ಮೇಷ್ಟ್ರು ಅಂದ್ರ ನನಗ ಛತ್ರಿ ಹಿಡಕೊಂಡ ಮುದುಕ ಕಣ್ಣಿಗೆ ಬರ್ತಾನ ನೋಡ್ರಿ," ಎನ್ನುತ್ತಿದ್ದರು.

ಕನ್ನಡ ಕೂಟದಲ್ಲಿ ನಾಲ್ಕು ಜನ ಸೇರಿದಾಗ ಅವರು ಬೆಂಗಳೂರಿನ ಕನ್ನಡ ಆಡಲು ಪ್ರಯತ್ನಿಸುವರು. ಐದು ನಿಮಿಷ ನಡೆಯುತ್ತಿತ್ತು. ಸಿಟ್ಟೋ ಸಂತೋಷವೋ ಬಂತೆಂದರೆ ಬೆಟಗೇರಿ ಹೊರಗೆ ಬರುತ್ತಿತ್ತು. ಒಂದು ಯುಗಾದಿ ಊಟದಲ್ಲಿ ನಮ್ಮ ಪೈಕಿ ಒಬ್ಬ ಎಂಜಿನಿಯರ್, ಒಬ್ಬಟ್ಟು ಕೈಯಲ್ಲಿ ಹಿಡಿದು, "ಸರ್, ಆಕ್ಚುಯಲಿ ಡಾರ್ವಿನ್‌ಗಿಂತ ಮುಂಚೆ ನಮ್ಮವ್ರಿಗೆ ಎಲ್ಲಾ ಗೊತ್ತಿತ್ತು. ಮತ್ಸ್ಯ, ಕೂರ್ಮ, ವರಾಹ, ಸೀಕ್ವೆನ್ಸ್ ನೋಡಿ, ಎವೊಲ್ಯೂಷನ್ನೇ ಅಲ್ವಾ? ಇಲ್ಲಿನ ಸ್ಕೂಲಲ್ಲಿ ಇದನ್ನೂ ಒಂದು ಚಾಪ್ಟರ್ ಮಾಡ್ಬೇಕು," ಎಂದ. ಎಲ್ಲರೂ ತಲೆದೂಗಿದರು. ಮೇಷ್ಟ್ರು ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದರು.

"ನಿಮ್ಮ ವಾಮನನ್ನ ನೋಡಿದ್ರ ನನಗ ಹೊಟ್ಟೆಕಿಚ್ಚು ಬರ್ತೈತ್ರಿ," ಎಂದರು. "ಮೂರು ಹೆಜ್ಜಿ ಇಡೂದ್ರಾಗ ಆಕಾಶದಷ್ಟು ಬೆಳದ. ನನ್ನ ಮೀನಕ್ಕ ಬೆನ್ನಿನ ಒಂದು ಮುಳ್ಳು ಕಳಕೊಳ್ಳಾಕ ಸಾವಿರಾರು ವರ್ಷ ಹಿಡೀತು. ಕಥೀನ ಕಥಿ ಇದ್ದಂಗ ಬಿಡ್ರಿ. ಭಾಳ ಚಂದ ಐತಿ ಅದು. ಅದಕ್ಕ ಪರೀಕ್ಷಾ ಯಾಕ ಬರಸ್ತೀರಿ?"

ಆ ಮೀನು ಅವರ ಪಿಎಚ್.ಡಿ.ಯ ವಿಷಯ. ಬೆನ್ನ ಮೇಲೆ ಮುಳ್ಳುಗಳಿರುವ, ಬೆರಳುದ್ದದ ಮೀನು. ಉಮೆಯೊ ಕಡೆ ಹಿಂದೆ ಮೈಲುಗಟ್ಟಲೆ ದಪ್ಪ ಮಂಜುಗಡ್ಡೆ ಕೂತಿತ್ತಂತೆ. ಅದು ಕರಗಿ ಭಾರ ಇಳಿದದ್ದೇ ನೆಲ ಮೇಲೇಳತೊಡಗಿತು, ಇನ್ನೂ ಏಳುತ್ತಲೇ ಇದೆ. ಏಳುವ ನೆಲದ ನಡುವೆ ಸಮುದ್ರದ ಚೂರುಗಳು ಸಿಕ್ಕಿಕೊಂಡು ಕೆರೆಗಳಾದವು. ಆ ಕೆರೆಗಳೊಳಗೆ ಸಿಕ್ಕಿಬಿದ್ದ ಮೀನುಗಳು ತಲೆಮಾರು ತಲೆಮಾರಿಗೆ ಬೇರೆಯಾಗುತ್ತ ಬಂದವು. ಅದನ್ನು ಹೇಳುವಾಗ ಅವರ ಎರಡೂ ಅಂಗೈ ಹಿಟ್ಟು ಉಬ್ಬಿದ ಹಾಗೆ ಮೆಲ್ಲಗೆ ಮೇಲೇಳುತ್ತಿದ್ದವು. "ನಮ್ಮ ದೇವರಿಗೆ ಅವಸರ ಇಲ್ಲರಿ ಅಕ್ಕಾರ. ಅವಸರ ಇರೂದು ಮಂದಿಗೆ," ಎಂಬುದು ಅವರ ಮಾತು.

ಶಾಲೆಯಲ್ಲಿ ಫಿಕಾ ಹೊತ್ತಿಗೆ, ಅಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಹೊತ್ತಿಗೆ, ಅವರು ಕಣ್ಣು ಮುಚ್ಚಿ ಅರ್ಧ ನಿಮಿಷ ಪ್ರಾರ್ಥಿಸಿಯೇ ಬನ್ನಿಗೆ ಕೈ ಹಾಕುವುದು. ಸಭೆಯವರೇ ಆದ ಉಳಿದ ಶಿಕ್ಷಕರು ಅಷ್ಟರಲ್ಲಿ ಅರ್ಧ ಬನ್ನು ತಿಂದಿರುತ್ತಿದ್ದರು ಎಂದು ಮಗಳು ನಗುತ್ತ ಹೇಳುತ್ತಿದ್ದಳು. ಊಟಕ್ಕೆ ಅರಬ್ಬರ ಅಂಗಡಿಯ ಜೋಳದ ಹಿಟ್ಟಿನ ರೊಟ್ಟಿ, ಶೇಂಗಾ ಚಟ್ನಿ. ಮಕ್ಕಳು ಕೇಳಿದರೆ ಮುರಿದು ಕೊಡುವರು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಅವರಿಗೆ ಎಲ್ಲಿಲ್ಲದ ಖುಷಿ. "ನನಗೆ ಗೊತ್ತಿಲ್ಲ" ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಆ ಪ್ರಶ್ನೆ ಕೇಳಿದ ಮಗುವಿನ ಹೆಸರು ಬರೆಯುತ್ತಿದ್ದರು. ಆ ಬೋರ್ಡಿನಲ್ಲಿ ಹೆಸರು ಬರಬೇಕೆಂದೇ ನನ್ನ ಮಗಳು ರಾತ್ರಿ ಊಟದ ಮೇಜಿನಲ್ಲಿ ಪ್ರಶ್ನೆ ಹುಡುಕುತ್ತಿದ್ದಳು.

ನಾವು ಹಿಂದೂಗಳು ಮಗಳನ್ನು ಆ ಶಾಲೆಗೆ ಯಾಕೆ ಹಾಕಿದೆವು ಎಂದರೆ, ಮನೆಗೆ ಹತ್ತಿರ, ತರಗತಿಗಳು ಸಣ್ಣವು, ಶಿಸ್ತು ಇತ್ತು. ಸಿರಿಯಾದಿಂದ ಬಂದವರು, ಪೋಲೆಂಡಿನವರು ಎಲ್ಲರೂ ಅದಕ್ಕೇ ಹಾಕಿದ್ದರು. ಬೆಳಗಿನ ಪ್ರಾರ್ಥನೆಗೆ ಇಷ್ಟವಿದ್ದವರು ಹೋಗಬಹುದು, ಇಲ್ಲದವರು ಗ್ರಂಥಾಲಯದಲ್ಲಿ ಕೂರಬಹುದು. ಪಾಠಗಳು ಮಾತ್ರ ಎಲ್ಲ ಶಾಲೆಗಳಂತೆ ಸರ್ಕಾರದ ಪಠ್ಯಕ್ರಮದ ಪ್ರಕಾರ, ಧರ್ಮದ ಸೋಂಕಿಲ್ಲದೆ ನಡೆಯಬೇಕು. ಅದು ಇಲ್ಲಿನ ಕಾನೂನು.

ಮಗಳು ಒಂಬತ್ತನೆಯ ತರಗತಿಗೆ ಬಂದ ವರ್ಷ ಶಾಲಾ ಮಂಡಳಿಗೆ ಹೊಸ ಅಧ್ಯಕ್ಷೆ ಬಂದರು. ಸೌಮ್ಯ ಹೆಂಗಸು. ಯಾರನ್ನು ಕಂಡರೂ ಎರಡೂ ಕೈಯಿಂದ ಕೈಹಿಡಿದು ಮಾತಾಡಿಸುವವರು. ಫೆಬ್ರವರಿಯಲ್ಲಿ ಮೇಷ್ಟ್ರನ್ನು ಒಂದು ದಿನದ ತರಬೇತಿಗೆಂದು ಪಕ್ಕದ ಊರು ಲಿನ್‌ಶೋಪಿಂಗ್‌ಗೆ ಕಳಿಸಿದರು. ಆವತ್ತು ಅವರ ತರಗತಿಯನ್ನು ಮಂಡಳಿಯ ಇನ್ನೊಬ್ಬ ಸದಸ್ಯರು ತೆಗೆದುಕೊಂಡು ಮಕ್ಕಳಿಗೆ ಒಂದೊಂದು ಹಾಳೆ ಹಂಚಿದರು. ಹಾಳೆಯಲ್ಲಿ ಎರಡು ಕಾಲಮ್. ಎಡಕ್ಕೆ 'ವಿಕಾಸ', ಬಲಕ್ಕೆ 'ಸೃಷ್ಟಿ'. ಎರಡರ ಕೆಳಗೂ ಐದೈದು ಸಾಲು. ಎಡಗಡೆಯ ಸಾಲುಗಳ ಕೊನೆಗೆಲ್ಲ 'ಎಂದು ಕೆಲವರು ಊಹಿಸುತ್ತಾರೆ' ಎಂದಿತ್ತು. ಅಡಿಯಲ್ಲಿ ಪ್ರಶ್ನೆ: ನಿನಗೆ ಯಾವುದು ಹೆಚ್ಚು ನಂಬುವಂತೆ ಕಾಣುತ್ತದೆ? ಟಿಕ್ ಹಾಕು.

ಮೇಷ್ಟ್ರು ಮರುದಿನ ಬಂದು ಒಂದು ಹಾಳೆ ನೋಡಿದರಂತೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು ಎಂದು ಮಗಳು ಹೇಳಿದಳು. ಆಮೇಲೆ ತಿರುಗಿ, "ಇದು ಟಿಕ್ ಹಾಕುವ ಪ್ರಶ್ನೆ ಅಲ್ಲ" ಎಂದಷ್ಟೇ ಹೇಳಿ ಪಾಠ ಶುರು ಮಾಡಿದರಂತೆ. ನನ್ನ ಮಗಳು ಆ ಮಾತನ್ನು ಹಾಳೆಯ ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಳು. ಮೇಲುಗಡೆ ಅವಳ ಹೆಸರಿತ್ತು. ಮುಂದಿನ ವಾರ ಶಾಲೆಯವರು ಹಾಳೆಗಳನ್ನೆಲ್ಲ ವಾಪಸು ತೆಗೆದುಕೊಂಡರು. ಆ ದಿನ ಅವಳಿಗೆ ಜ್ವರ. ಹಾಗಾಗಿ ಅದೊಂದು ಹಾಳೆ ನಮ್ಮ ಮನೆಯಲ್ಲೇ ಉಳಿಯಿತು. ನಾನು ಅದನ್ನು ಅಡುಗೆಮನೆಯ ಡ್ರಾಯರಿಗೆ ಹಾಕಿದೆ.

ಬಳಿಕ ಪೋಷಕರ ಸಭೆ ಕರೆದರು. ಅಧ್ಯಕ್ಷೆ ಬಹಳ ಚೆನ್ನಾಗಿ ಮಾತಾಡಿದರು. "ನಾವು ಯಾರ ಮೇಲೂ ಏನನ್ನೂ ಹೇರುತ್ತಿಲ್ಲ. ಮಕ್ಕಳ ಮುಂದೆ ಎರಡನ್ನೂ ಇಡೋಣ. ಅವರೇ ಯೋಚಿಸಲಿ. ಯೋಚನೆಗೆ ವಿಜ್ಞಾನ ಯಾಕೆ ಹೆದರಬೇಕು?" ಕೇಳಿದವರಿಗೆ ಅದರಲ್ಲಿ ತಪ್ಪೇನು ಅನ್ನಿಸುವ ಹಾಗಿತ್ತು.

ಮೇಷ್ಟ್ರು ಎದ್ದು ನಿಂತರು. ಶಾಲೆಯಲ್ಲಿ ಒಪ್ಪಿಸುವ ಹುಡುಗನಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿದ್ದರು. ಅವರ ಸ್ವೀಡಿಷ್ ಸರಾಗವಾಗಿತ್ತು, ಆದರೆ ಅಂದು ತಡವರಿಸಿತು.

"ಬೈಬಲಿನ ಆದಿಕಾಂಡ, ಆ ಸೃಷ್ಟಿಯ ಕಥೆ, ನನಗೆ ಬಾಯಿಪಾಠ. ನನ್ನ ತಾಯಿ ಸಾಯುವಾಗ ಅದನ್ನೇ ಓದಿದೆ. ಧರ್ಮದ ತರಗತಿ ಕೊಡಿ, ಸಂತೋಷದಿಂದ ಕಲಿಸುತ್ತೇನೆ. ಆದರೆ ಅದನ್ನು ಮೀನಿನ ಪಕ್ಕದಲ್ಲಿ ಒಂದು ಕಾಲಮ್ಮಿನಲ್ಲಿಟ್ಟು ಟಿಕ್ ಹಾಕಿ ಅನ್ನಲಾರೆ. ಅದು ಮೀನಿಗೂ ಅವಮಾನ, ದೇವರ ವಾಕ್ಯಕ್ಕೂ ಅವಮಾನ."

ಒಬ್ಬ ತಂದೆ, ಕ್ರೈಸ್ತ ಸಭೆಯ ಹಿರಿಯರಲ್ಲೊಬ್ಬ, ಕೂತಲ್ಲಿಂದಲೇ ಕೇಳಿದ: "ನೀನು ವಿಶ್ವಾಸಿಯೋ ಅಲ್ಲವೋ?"

"ವಿಶ್ವಾಸಿ. ಅದಕ್ಕೇ ಹೇಳುತ್ತಿದ್ದೇನೆ."

ಮೇಷ್ಟ್ರು ಕೋಣೆಯ ಸುತ್ತ ಒಮ್ಮೆ ನೋಡಿದರು. ನನ್ನ ಮೇಲೆ ಅವರ ಕಣ್ಣು ಒಂದು ಕ್ಷಣ ನಿಂತಿತು. ಈ ಊರಿನ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಮೆದುಳಿನ ಸ್ಕ್ಯಾನುಗಳನ್ನು ಪರದೆಯ ಮೇಲೆ ಮೂಡಿಸಿ ತೋರಿಸುವ ಕೆಲಸ ನನ್ನದು. ನನಗೆ ಅನ್ನ ಹಾಕುತ್ತಿರುವುದೇ ವಿಜ್ಞಾನ. ನಾನು ಬಗ್ಗಿ ಬ್ಯಾಗಿನಲ್ಲಿ ಫೋನು ಹುಡುಕಿದೆ.

ಅವರು ಶಾಲೆಗಳ ತಪಾಸಣೆ ಮಾಡುವ ಸರ್ಕಾರಿ ಇಲಾಖೆಗೆ ಪತ್ರ ಬರೆದರು, ತಮ್ಮ ಹೆಸರು ಹಾಕಿಯೇ. ಇಲಾಖೆಯವರು ಬರುತ್ತೇವೆ ಎಂದರು. ಶಾಲೆ ಹೇಳಿದ್ದು, ಅಂಥ ಪಾಠ ಏನೂ ನಡೆದಿಲ್ಲ, ಒಂದು ಮುಕ್ತ ಚರ್ಚೆ ಆಯಿತು ಅಷ್ಟೆ, ಲಿಖಿತ ಸಾಮಗ್ರಿ ಇರಲಿಲ್ಲ ಎಂದು.

ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ ಮೇಷ್ಟ್ರು ನಮ್ಮ ಮನೆಗೆ ಬಂದರು. ಹಿಮ ಕರಗಿ ರಸ್ತೆಯ ಮೇಲೆಲ್ಲ ಚಳಿಗಾಲದಲ್ಲಿ ಚೆಲ್ಲಿದ್ದ ಜಲ್ಲಿಪುಡಿ ಉಳಿದಿತ್ತು. ಅದು ಬೂಟಿಗೆ ಅಂಟಿದೆಯೆಂದು ಒಳಗೆ ಬರಲು ಸಂಕೋಚಪಟ್ಟರು. ಮಗಳು ಈಜಿಗೆ ಹೋಗಿದ್ದಳು. ನಾನು ಚಹ ಮಾಡಿದೆ. ಕೂರಿ ಎಂದರೂ ಕೂರದೆ ಅಡುಗೆಮನೆಯಲ್ಲಿ ನಿಂತೇ ಕುಡಿದರು. ಆ ಡ್ರಾಯರಿಗೆ ಅವರ ಸೊಂಟ ತಾಗುತ್ತಿತ್ತು.

"ಅಕ್ಕಾರ, ಆ ಹಾಳಿ ಯಾರ ಕಡೇನೂ ಉಳದಿಲ್ಲ. ಎಲ್ಲಾ ಇಸ್ಕೊಂಡಾರ. ನಿಮ್ಮ ಕಡೆ ಏನರ ಐತೇನ್ರಿ?"

ನನಗೆ ಆ ಗಳಿಗೆ ಚೆನ್ನಾಗಿ ನೆನಪಿದೆ. ಹೌದು ಎನ್ನಲು ನಾಲಿಗೆ ತಿರುಗಬೇಕಿತ್ತು ಅಷ್ಟೆ. ಹಿಂದಿನ ದಿನವೇ ಗಂಡನ ಜೊತೆ ಫೋನಿನಲ್ಲಿ ಈ ಮಾತಾಗಿತ್ತು. ಅವನು ಶೋವ್ಡೆ ಎಂಬ ಊರಿನ ಕಾರ್ ಎಂಜಿನ್ ಕಾರ್ಖಾನೆಯಲ್ಲಿದ್ದ, ಎರಡು ವಾರಕ್ಕೊಮ್ಮೆ ಬರುತ್ತಿದ್ದ. "ಸುಮ್ನೆ ಯಾಕೆ ಇನ್ವಾಲ್ವ್ ಆಗ್ತೀಯ? ಅವಳ ಹೆಸರಿದೆ ಅದ್ರ ಮೇಲೆ. ಜೂನ್‌ಗೆ ಗ್ರೇಡ್ಸ್ ಬರತ್ತೆ, ಅದ್ರ ಮೇಲೇ ಜಿಮ್ನೇಸಿಯಮ್ ಸೀಟು. ಇನ್ನು ಮೂರು ತಿಂಗ್ಳು ತಾನೆ?" ಎಂದಿದ್ದ. ಜಿಮ್ನೇಸಿಯಮ್ ಎಂದರೆ ಇಲ್ಲಿನ ಪಿಯು ಕಾಲೇಜು. ಶಾಲೆಯ ಪರವಾನಗಿಯೇ ಹೋದರೆ ಆ ಇಂಡಿಯನ್ ಹೆಂಗಸಿನಿಂದ ಹೋಯಿತು ಎನ್ನುತ್ತಾರಲ್ಲ ಎಂಬ ಭಯ ನನ್ನದೇ, ಅದನ್ನು ಗಂಡ ಹೇಳಿರಲಿಲ್ಲ.

"ನೋಡ್ಬೇಕು ಮೇಷ್ಟ್ರೇ. ಹುಡುಕ್ತೀನಿ. ಸಿಕ್ಕಿದ್ರೆ ಹೇಳ್ತೀನಿ," ಎಂದೆ.

"ಹೂಂ. ಹುಡುಕ್ರಿ," ಎಂದರು. ಲೋಟವನ್ನು ತಾವೇ ತೊಳೆದು ಮಗುಚಿಟ್ಟರು. ಬಾಗಿಲಲ್ಲಿ ಬಗ್ಗಿ ಬೂಟು ಹಾಕಿಕೊಳ್ಳುತ್ತ, "ತನಿಖಾದವರು ಬರಾಕ ಇನ್ನೂ ಒಂದು ತಿಂಗಳು ಐತ್ರಿ," ಎಂದು ಸೇರಿಸಿದರು.

ಸಂಜೆ ಮಗಳು ಒದ್ದೆ ಕೂದಲಲ್ಲೇ ಅಡುಗೆಮನೆಗೆ ಬಂದು ಕೇಳಿದಳು, ಮೇಷ್ಟ್ರು ಬಂದಿದ್ದರಾ, ಹಾಳೆ ಕೊಟ್ಟೆಯಾ ಎಂದು.

"ಕೊಟ್ಟೆ," ಎಂದೆ.

ಅವಳು ನನ್ನನ್ನು ತಬ್ಬಿಕೊಂಡಳು. ಆ ವಯಸ್ಸಿನ ಮಕ್ಕಳು ತಾಯಿಯನ್ನು ತಾವಾಗಿ ತಬ್ಬಿಕೊಳ್ಳುವುದು ಅಪರೂಪ. ಅವಳು ಮಲಗಲು ಹೋದ ಮೇಲೆ ಆ ಹಾಳೆಯನ್ನು ತೆಗೆದು ನಾಲ್ಕು ಚೂರು ಮಾಡಿ ಕಾಗದದ ಕಸಕ್ಕೆ ಹಾಕಿದೆ.

ಇಲಾಖೆಯವರು ಬಂದರು. ಕೋಣೆಗಳನ್ನು ನೋಡಿದರು, ಪುಸ್ತಕಗಳನ್ನು ನೋಡಿದರು, ಕೆಲವು ಮಕ್ಕಳನ್ನು ಮಾತಾಡಿಸಿದರು. ನನ್ನ ಮಗಳ ಸರದಿ ಬರಲಿಲ್ಲ. ಬಂದಿದ್ದರೆ ಅವಳು ಎಲ್ಲವನ್ನೂ ಹೇಳುತ್ತಿದ್ದಳು. ಮಾತಾಡಿಸಿದ ಮಕ್ಕಳೆಲ್ಲ ಸಭೆಯ ಮನೆಗಳವರು. ಆರೋಪಕ್ಕೆ ಆಧಾರ ಕಂಡುಬಂದಿಲ್ಲ ಎಂದು ವರದಿ ಬಂತು. ಮಗಳಿಗೆ ಅದನ್ನು ನಂಬಲಾಗಲಿಲ್ಲ. "ನಾವು ಕೊಟ್ಟ ಹಾಳೆ ಏನಾಯಿತು? ಸರ್ಕಾರದವರೂ ಸುಳ್ಳು ಹೇಳುತ್ತಾರಾ?" ಎಂದು ಸ್ವೀಡಿಷಿನಲ್ಲಿ ಕಿರುಚಿದಳು. ದೊಡ್ಡ ದೊಡ್ಡ ಕಚೇರಿಗಳಲ್ಲಿ ಹೀಗೇ ಆಗುತ್ತದೆ, ಮೇಷ್ಟ್ರ ಮುಂದೆ ಈ ಮಾತು ಎತ್ತಬೇಡ, ಅವರಿಗೆ ಇನ್ನೂ ನೋವಾಗುತ್ತದೆ ಎಂದು ನಾನು ಸಮಾಧಾನ ಮಾಡಿದೆ.

ಮೇಷ್ಟ್ರದು ವರ್ಷ ವರ್ಷ ಮುಂದುವರಿಸುವ ಕರಾರು. ಇಲ್ಲಿನ ಶಿಕ್ಷಕರ ಅರ್ಹತಾಪತ್ರ ಅವರಿಗಿನ್ನೂ ಕೈಸೇರಿರಲಿಲ್ಲ. ಜೂನಿನಲ್ಲಿ ಕರಾರನ್ನು ಮುಂದುವರಿಸಲಿಲ್ಲ. ಕಾರಣ, ಸಹಕಾರದ ಕೊರತೆ. ವರ್ಷ ಮುಗಿಯುವ ದಿನ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು, ಹೂ ಹಿಡಿದು, ಅಂಗಳದಲ್ಲಿ ಬೇಸಿಗೆಯ ಹಾಡು ಹಾಡಿದರು. ಮೇಷ್ಟ್ರು ರಸ್ತೆಯ ಆಚೆ ಟ್ರಾಮ್ ನಿಲ್ದಾಣದಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತು ನೋಡುತ್ತಿದ್ದರು. ಟ್ರಾಮ್‌ಗಳು ಬಂದು ಹೋಗುತ್ತಿದ್ದವು, ಅವರು ಹತ್ತಲಿಲ್ಲ. ನನ್ನ ಮಗಳು ಓಡಿಹೋಗಿ ತನ್ನ ಗ್ರೇಡಿನ ಹಾಳೆ ತೋರಿಸಿದಳು. ದೂರದಿಂದ ನೋಡಿದೆ, ಅವರು ಅದನ್ನು ಓದಿ ಎರಡೂ ಕೈ ಮೇಲೆತ್ತಿ ಕುಣಿದಂತೆ ಮಾಡಿದರು.

ಆಮೇಲೆ ಅವರು ಕುಗ್ಗುತ್ತ ಹೋದರು. ಸಭೆಯಲ್ಲಿ ಅವರನ್ನು ಯಾರೂ ಹೊರಗೆ ಹೋಗು ಎನ್ನಲಿಲ್ಲ. ಅವರು ಕೂತ ಬೆಂಚಿನಲ್ಲಿ ಬೇರೆಯವರು ಕೂರಲಿಲ್ಲ, ಅಷ್ಟೆ. ಒಂದು ಭಾನುವಾರ ಅವರ ಹೆಂಡತಿ ಹೋಗಿ ನೋಡಿದರೆ ಪಿಯಾನೊ ಮುಂದೆ ಬೇರೊಬ್ಬ ಹುಡುಗಿ ಕೂತಿದ್ದಳು. ಆಶ್ರಮದ ಕೆಲಸ ಸಭೆಯ ಕೈಯಲ್ಲಿದ್ದುದರಿಂದ ಆಕೆ ಬಾಯಿ ಬಿಡುವಂತಿರಲಿಲ್ಲ. ಮೇಷ್ಟ್ರು ಕೊಮ್ಯೂನಿನ, ಎಂದರೆ ಊರಾಡಳಿತದ, ಶಾಲೆಗಳಿಗೆಲ್ಲ ಅರ್ಜಿ ಹಾಕಿದರು. ಹಿಂದಿನ ಶಾಲೆಯವರನ್ನು ಕೇಳಿ ನೋಡುತ್ತೇವೆ ಎಂದ ಮೇಲೆ ಎಲ್ಲೆಲ್ಲೂ ಮಾತು ನಿಂತುಹೋಗುತ್ತಿತ್ತು. ಕೊನೆಗೆ ಗಂಟೆಯ ಲೆಕ್ಕದಲ್ಲಿ ದಾಗಿಸ್‌ಗಳಿಗೆ, ಎಂದರೆ ಶಿಶುವಿಹಾರಗಳಿಗೆ, ಬದಲಿ ಆಳಾಗಿ ಹೋಗತೊಡಗಿದರು. ಬೆಳಿಗ್ಗೆ ಆರಕ್ಕೆ ಮೆಸೇಜ್ ಬಂದರೆ ಕೆಲಸ, ಬರದಿದ್ದರೆ ಇಲ್ಲ.

ನವೆಂಬರಿನಲ್ಲೊಮ್ಮೆ, ಮೂರೂವರೆಗೇ ಕತ್ತಲಾಗುವ ದಿನಗಳಲ್ಲಿ, ಹೊಳೆಯ ಪಕ್ಕದ ದಾರಿಯಲ್ಲಿ ಸಿಕ್ಕರು. ಮುಖ ಇಳಿದಿತ್ತು. ಅಂಗಿಗೆ ಇಸ್ತ್ರಿ ಇರಲಿಲ್ಲ.

"ಹೆಂಗದೀರಿ ಅಕ್ಕಾರ? ನಮ್ಮ ಹುಡುಗಿ ಏನ್ ಮಾಡಾಕತ್ತಾಳ?"

ಜಿಮ್ನೇಸಿಯಮ್‌ನಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳೆ ಎಂದೆ. "ಆಕಿ ಮಾಡ್ತಾಳ ಬಿಡ್ರಿ" ಎಂದರು. ನೀವು ಹೇಗಿದ್ದೀರಿ ಎಂದೆ.

"ಇವತ್ತ ಹದಿನಾಲ್ಕು ಹುಡುಗರಿಗೆ ಚಳಿ ಬಟ್ಟಿ ತೊಡಿಸಿ, ಮತ್ತ ಹದಿನಾಲ್ಕು ಮಂದೀದು ಕಳದೆ. ಅದಕ್ಕೇನಿಲ್ಲರಿ, ಕೆಲಸ ಕೆಲಸನ." ಸ್ವಲ್ಪ ದೂರ ಜೊತೆಗೇ ನಡೆದೆವು. ಸೇತುವೆಯ ಹತ್ತಿರ ನಿಂತು, ಕಂಬಿ ಹಿಡಿದು, ನೀರು ನೋಡುತ್ತ ಹೇಳಿದರು: "ಪ್ರಾರ್ಥನಾ ಬರವಲ್ದರಿ ಅಕ್ಕಾರ. ಮೊಣಕಾಲು ಊರತೇನಿ, ಬಾಯಾಗ ಏನೂ ಬರೂದಿಲ್ಲ. ಉಮೆಯೊದಾಗ ಎಂಟು ವರ್ಷ ಮೀನ ನೋಡಿದೆ. ಆ ಮೀನ ನನ್ನ ದೇವರನ್ನ ಕಸಗೊಳ್ಳಲಿಲ್ಲ. ಅವನ ಮನ್ಯಾಗಿನ ಮಂದೀನ ಕಸಗೊಂಡ್ರು."

ಹೇಳಬೇಕಾದ್ದು ಒಂದೇ ಮಾತು, ಅದು ನನಗೆ ಗೊತ್ತಿತ್ತು. ನಾನು ಹೇಳಿದ್ದು, "ನಿಮ್ಮ ಸಿವಿ ಕಳ್ಸಿ ಮೇಷ್ಟ್ರೇ, ನಮ್ಮ ಕ್ಯಾಂಪಸ್ಸಲ್ಲಿ ಯಾರನ್ನಾದ್ರೂ ಕೇಳ್ತೀನಿ" ಎಂದು.

"ಕಳಸ್ತೇನ್ರಿ," ಎಂದರು. ಅಂದೇ ಕಳಿಸಿದರು. ನಾನು ಇಬ್ಬರಿಗೆ ಕಳಿಸಿಕೊಟ್ಟೆ. ಉತ್ತರ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಹೀಗೆ ಎರಡು ವರ್ಷ ಹೋಯಿತು. ಕೂಟಕ್ಕೆ ಬರುವುದನ್ನು ಅವರು ಬಿಟ್ಟಿದ್ದರು. ಈ ವರ್ಷ ಜನವರಿಯಲ್ಲಿ, ಬೆಳಗಿನ ಮೆಸೇಜ್ ಬಂದು ದಾಗಿಸ್‌ಗೆ ಹೊರಟವರು ಟ್ರಾಮಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಐವತ್ತೊಂದು ವರ್ಷ.

ಇಲ್ಲಿ ಮಣ್ಣು ಮಾಡುವುದು ಮೂರು ನಾಲ್ಕು ವಾರ ಕಳೆದ ಮೇಲೆ. ಅದೇ ಸಭೆಯ ಮಂದಿರದಲ್ಲೇ ಆರಾಧನೆ ನಡೆಯಿತು. ಬೇರೆ ಎಲ್ಲಿಗೆ ಹೋಗುವುದು? ನಾನೂ ಮಗಳೂ ಹೋದೆವು. ಪಾದ್ರಿಗಳು ಅವರನ್ನು ನಿಷ್ಠಾವಂತ ಸಹೋದರ ಎಂದು ಕರೆದರು. ಆ ಅಧ್ಯಕ್ಷೆ ಮೊದಲ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡರು. ನಿಜವಾಗಿಯೇ ಅತ್ತರು, ನಟನೆಯಲ್ಲ. ನನಗೆ ಅದನ್ನೇ ಸಹಿಸಲಾಗಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಪಕ್ಕದ ಹಾಲಿನಲ್ಲಿ ಎಲ್ಲರೂ ಕೂತು ಕಾಫಿ ಕುಡಿಯುವುದು, ಇಷ್ಟವಿದ್ದವರು ಎದ್ದು ಸತ್ತವರ ಬಗ್ಗೆ ನಾಲ್ಕು ಮಾತಾಡುವುದು ಇಲ್ಲಿನ ರೂಢಿ. ಉಮೆಯೊದಿಂದ ಬಂದ ಅವರ ಹಳೆಯ ಗೈಡ್, ವಯಸ್ಸಾದವರು, ಮೀನಿನ ಬಗ್ಗೆ ಹೇಳಿದರು. ದಾಗಿಸ್‌ನ ಒಬ್ಬ ಯುವತಿ, ಅವರಿದ್ದ ದಿನ ಮಕ್ಕಳು ಅಳುತ್ತಿರಲಿಲ್ಲ ಎಂದಳು. ಮಗಳು ನನ್ನ ಮೊಣಕೈ ತಟ್ಟಿ, "ಅಮ್ಮಾ, ನೀನು ಹೇಳು. ಇಲ್ಲಿ ಅವರಿಗೆ ಸಹಾಯ ಮಾಡಿದ್ದು ನೀನೊಬ್ಬಳೇ," ಎಂದು ಪಿಸುಗುಟ್ಟಿದಳು.

ಎದ್ದು ನಿಂತೆ. ಎದುರಿಗೆ ಅಧ್ಯಕ್ಷೆ, ಆ ಹಿರಿಯ, ಹಾಳೆ ಹಂಚಿದ ಮನುಷ್ಯ, ಎಲ್ಲರೂ ಕೈಯಲ್ಲಿ ಕಪ್ಪು ಹಿಡಿದು ನನ್ನನ್ನು ದಯೆಯಿಂದ ನೋಡುತ್ತಿದ್ದರು. ಈಗಲಾದರೂ ಹೇಳಿಬಿಡು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ, ಆ ಹಾಳೆ ಇತ್ತು, ನಾನು ಹರಿದೆ. ಮೂರು ವಾಕ್ಯ. ನಾನು ಅಂದದ್ದು, ಅವರು ತುಂಬ ಒಳ್ಳೆಯ ಶಿಕ್ಷಕರಾಗಿದ್ದರು, ನನ್ನ ಮಗಳಿಗೆ ವಿಜ್ಞಾನದ ಮೇಲೆ ಪ್ರೀತಿ ಹುಟ್ಟಿಸಿದರು, ಅವರನ್ನು ಮರೆಯುವುದಿಲ್ಲ. ಎಲ್ಲರೂ ತಲೆದೂಗಿದರು. ಕೂತೆ.

ಜನ ಎದ್ದು ಕೋಟು ಹಾಕಿಕೊಳ್ಳತೊಡಗಿದಾಗ ಮೇಷ್ಟ್ರ ಹೆಂಡತಿ ನಮ್ಮ ಮೇಜಿಗೆ ಬಂದರು. ಕಪ್ಪು ಸೀರೆ, ಮೇಲೆ ಉಣ್ಣೆಯ ಸ್ವೆಟರ್. ನನ್ನ ಪಕ್ಕ ಕೂತು, ಕೈಯನ್ನು ನನ್ನ ಕೈ ಮೇಲಿಟ್ಟು, ಊರಿನ ಕನ್ನಡದಲ್ಲಿ ಮೆಲ್ಲಗೆ ಮಾತಾಡಿದರು. ಸಿಟ್ಟಿರಲಿಲ್ಲ. ಏನನ್ನೋ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದರು.

"ಅಕ್ಕಾರ, ಆ ಹಾಳಿ ನಿಮ್ಮ ಕಡೆ ಇತ್ತಲ್ಲರಿ? ನಿಮ್ಮ ಅಡಗಿಮನಿ ಡ್ರಾಯರ್‌ನ್ಯಾಗ ಐತಿ ಅಂತ ನಿಮ್ಮ ಮಗಳು ಸಾಲ್ಯಾಗ ಇವರಿಗೆ ಹೇಳಿದ್ದಳಂತ. 'ಮತ್ತ ಹೋಗಿ ಗಟ್ಟಿಸಿ ಕೇಳ್ರಿ' ಅಂದೆ ನಾ. 'ಬ್ಯಾಡ. ಆಕಿಗೂ ಮಗಳದಾಳ, ಅಂಜಿಕಿ ಇರ್ತೈತಿ. ತಾನ ಮನಸ್ಸು ಮಾಡಿ ಕೊಡ್ತಾಳ' ಅಂದ್ರು. ಆ ತಿಂಗಳು ಪೂರ್ತಿ ದಿನಾ ಎರಡು ಸಲ ಕೆಳಗ ಇಳದು ಟಪಾಲ ಡಬ್ಬಿ ನೋಡಿ ಬರ್ತಿದ್ರು. ತನಿಖಾದವರು ಬಂದ ದಿನಾನೂ ಬೆಳಿಗ್ಗೆ ನೋಡಿ ಹೋದ್ರು."

ಅವರ ಕೈಯ ಕೆಳಗಿನಿಂದ ನನ್ನ ಕೈಯನ್ನು ಎಳೆದುಕೊಂಡೆ.

ಮಗಳು ನನ್ನ ಇನ್ನೊಂದು ಪಕ್ಕದಲ್ಲೇ ಇದ್ದಳು. ಅವಳು ನಮ್ಮೊಡನೆ ಕನ್ನಡ ಆಡುವುದು ಕಡಿಮೆ, ಆದರೆ ಅರ್ಥವಾಗದ ಮಾತು ಒಂದೂ ಇಲ್ಲ.

"ಕೊಟ್ಟೆ ಅಂದಿದ್ದೆ ನೀನು," ಎಂದಳು, ಕನ್ನಡದಲ್ಲಿ.

ಆಮೇಲೆ ಎದ್ದು, ಮೇಜುಗಳ ಮೇಲಿನ ಖಾಲಿ ಕಪ್ಪುಗಳನ್ನು ತಟ್ಟೆಗೆ ಪೇರಿಸತೊಡಗಿದಳು. ಮೇಷ್ಟ್ರ ಹೆಂಡತಿಯೂ ಎದ್ದು ಅವಳ ಜೊತೆ ಸೇರಿದರು. ಇಬ್ಬರೂ ಅಡುಗೆಕೋಣೆಯ ಕಡೆ ಹೋದರು. ನಾನು ಹೊರಗೆ ಬಂದು ಟ್ರಾಮ್ ನಿಲ್ದಾಣದಲ್ಲಿ ಅವಳಿಗಾಗಿ ಕಾದೆ. ಮೂರು ಟ್ರಾಮ್ ಹೋದವು. ಒಳಗೆ ಹೋಗಿ ನೋಡಿದರೆ ಹಾಲಿನ ದೀಪ ಆರಿಸಿದ್ದರು. ಮಗಳು ಹಿಂದಿನ ಬಾಗಿಲಿಂದ ಆಕೆಯ ಜೊತೆ ನಡೆದುಕೊಂಡು ಹೋಗಿ ಬಹಳ ಹೊತ್ತಾಯಿತು ಎಂದು ಬೀಗ ಹಾಕುತ್ತಿದ್ದವರು ಹೇಳಿದರು.